ಕಾವಲು ಕರದ ಡಬ್ಬಿ

ನಾನು ಹುಟ್ಟಿದ್ದು ಶೇಂಗಾ ಎಣ್ಣೆ ತುಂಬಿಕೊಳ್ಳುವುದಕ್ಕೆ, ಜನರ ಮನಸ್ಸು ತುಂಬಿಕೊಳ್ಳುವುದಕ್ಕಲ್ಲ. ಎಣ್ಣೆ ಮಿಲ್ಲಿನಲ್ಲಿ ನನ್ನ ಮೂಲೆಗಳಿಗೆ ಬೆಸುಗೆ ಹಾಕಿ, ಹೊಟ್ಟೆ ತುಂಬಿಸಿ, ಬಾಯಿ ಮುಚ್ಚಿ ಲಾರಿಗೆ ಹತ್ತಿಸಿದರು. ಈ ನೇಕಾರರ ಊರಿನ ಬಸ್ ನಿಲ್ದಾಣದ ಎದುರು ಮಿರ್ಚಿ ಕರಿಯುವ ನೀಲಪ್ಪನ ಕೈಗೆ ಬಂದೆ. ಒಂದೇ ವಾರದಲ್ಲಿ ಆತ ನನ್ನನ್ನು ಬರಿದು ಮಾಡಿದ. ಆಮೇಲೆ ಎರಡು ವರ್ಷ ಕಡಲೆ ಹಿಟ್ಟು ಹೊತ್ತೆ. ಭಯ ಎಂದರೇನೆಂದು ಆಗ ನನಗೆ ಗೊತ್ತಿರಲಿಲ್ಲ. ಇಲಿ ಬಂದರೂ ತಗಡು ಕಡಿದು, ಹಲ್ಲು ನೋಯಿಸಿಕೊಂಡು ಹೋಗುತ್ತಿತ್ತು.

ಅಲ್ಲಿಂದ ನನ್ನನ್ನು ಬೇಡಿ ತಂದವನು ಪಟ್ಟಣ ಪಂಚಾಯಿತಿಯ ಕರ ವಸೂಲಿಗಾರ ದುಂಡಪ್ಪ. ಕಚೇರಿಗೆ ಒಂದು ಪೆಟ್ಟಿಗೆ ಬೇಕಾಗಿತ್ತು; ಹೊಸದಕ್ಕೆ ಮಂಜೂರಾತಿ ಬರುವಷ್ಟರಲ್ಲಿ ಮೊಮ್ಮಕ್ಕಳಾಗುತ್ತವೆ ಎಂದು ಆತನಿಗೆ ಗೊತ್ತಿತ್ತು. ನನ್ನ ನೆತ್ತಿಯ ಮೇಲೆ ಉಳಿಯಿಟ್ಟು ಸೀಳು ಹೊಡೆಸಿ, ಮುಚ್ಚಳಕ್ಕೆ ಬೀಗ ಜಡಿದು, ಅರಗಿನ ಸೀಲ್ ಒತ್ತಿಸಿದ. ಶಾಲೆಯ ಗೋಡೆಗೆ ನನ್ನನ್ನು ತೂಗುಹಾಕಿ ಊರಿಗೆಲ್ಲ ಡಂಗುರ ಸಾರಿಸಿದರು.

ವಿಷಯ ಇಷ್ಟೇ. ಠಾಣೆ ಇದ್ದದ್ದು ಹನ್ನೆರಡು ಮೈಲಿ ದೂರ. ನೇಕಾರ ಓಣಿಗೆ ಒಂದು ಹೊರಠಾಣೆ ಕಟ್ಟಿ ನಾಲ್ವರು ಗೃಹರಕ್ಷಕರನ್ನು ಇಡಬೇಕು, ಅದರ ಖರ್ಚಿಗೆ ಮನೆ ಕರದ ಮೇಲೆ ಕಾವಲು ಕರ ಏರಿಸಬೇಕು. ಬೇಕೋ ಬೇಡವೋ ಬರೆದು ಡಬ್ಬಿಗೆ ಹಾಕಿ, ಹೆಸರು ಬರೆಯುವುದು ಬೇಡ.

ಹೆಸರು ಬೇಡ ಅಂದರೆ ಕೇಳುವ ಜನವೇ ಇವರು? ಶಾಲೆಯಲ್ಲಿ ಇವರಿಗೆ ಕಲಿಸಿದ್ದು ಒಂದೇ ನಮೂನೆ. ಮೇಲೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ವಿಷಯ, ಆಮೇಲೆ ಮಾನ್ಯರೇ. ಜ್ವರದ ರಜೆಗೂ ಅದೇ, ನಲ್ಲಿ ನೀರಿನ ತಕರಾರಿಗೂ ಅದೇ. ಹೆಸರಿಲ್ಲದ ಚೀಟಿ ಎಂದರೆ ಇವರ ಪಾಲಿಗೆ ಚಾಡಿ. ಹೀಗಾಗಿ ಬಿದ್ದ ಚೀಟಿಗಳೆಲ್ಲ ಹೆಸರು, ಗಂಡನ ಹೆಸರು, ಓಣಿ, ಮನೆ ನಂಬರಿನೊಂದಿಗೇ ಬಿದ್ದವು.

ಐದನೆಯ ದಿನ ಶಾಕವ್ವ ಬಂದಳು. ಮಗ್ಗದ ಕೆಲಸದವಳು, ಬೆರಳ ತುದಿಗೆ ಇನ್ನೂ ಕೆಂಪು ನೂಲಿನ ಬಣ್ಣ. ಆಕೆಯ ಕಾಗದ ನನ್ನ ಹೊಟ್ಟೆಯಲ್ಲಿ ಬಿಚ್ಚಿಕೊಂಡು ಬಿತ್ತು. ‘ಇಂದ: ಶ್ರೀಮತಿ ಶಾಕವ್ವ ಕೋಂ ಈರಪ್ಪ, ನೇಕಾರ ಓಣಿ. ಮಾನ್ಯರೇ, ಬಣ್ಣದ ಶೆಡ್ಡಿನ ತಿರುವಿನಲ್ಲಿ ಗಜ್ಯಾ ಎಂಬವನು ಬೈಕ್ ಅಡ್ಡ ನಿಲ್ಲಿಸಿ ನನ್ನ ಮಗಳ ಕೈ ಹಿಡಿದಿದ್ದಾನೆ. ಇಪ್ಪತ್ತು ದಿನದಿಂದ ಅವಳು ಶಾಲೆಗೆ ಹೋಗಿಲ್ಲ. ಕರ ಎಷ್ಟಾದರೂ ಹಾಕಿರಿ, ಪೊಲೀಸರನ್ನು ಕೊಡಿರಿ.’

ಅದೇ ಸಂಜೆ ಗಜ್ಯಾ ಬಂದು ನನ್ನ ಮೇಲೆ ಮೊಣಕೈ ಊರಿ ನಿಂತ. ಬೆರಳಿನಿಂದ ಟಕಟಕ ಬಡಿದ.

“ಏನೇನ್ ನುಂಗೀಯಲೇ ಡಬ್ಬಿ? ನನ್ನ ಹೆಸರು ಯಾರರ ಬರದಾರೇನು?”

ನನ್ನ ತಗಡೆಲ್ಲ ತಣ್ಣಗಾಯಿತು. ಆ ಕಾಗದ ಅವನ ಮೊಣಕೈಯಿಂದ ಒಂದು ಗೇಣು ಕೆಳಗಿತ್ತು. ಹೆದರಿಕೆ ಎಂದರೆ ಏನೆಂದು ಅಂದು ತಿಳಿಯಿತು.

ಮರುದಿನ ಶಾಕವ್ವ ಓಡಿ ಬಂದಳು. ಹೆಸರು ಬರೆದದ್ದು ಈಗ ನೆನಪಾಗಿತ್ತು. ತುರುಬಿನ ಪಿನ್ನು ತೆಗೆದು ಸೀಳಿನೊಳಗೆ ಹಾಕಿ ಕೆದಕಿದಳು. ಬೆರಳು ತುರುಕಿದಳು, ನನ್ನ ಅಂಚು ತಾಗಿ ರಕ್ತ ಬಂತು. ಕಾಗದವೋ ಹಳೆಯ ಜಿಡ್ಡಿಗೆ ಅಂಟಿಕೊಂಡಿತ್ತು. ಉಗುಳುವ ಶಕ್ತಿ ಇದ್ದಿದ್ದರೆ ಉಗುಳಿಬಿಡುತ್ತಿದ್ದೆ. ಕೊನೆಗೆ ಆಕೆ ದುಂಡಪ್ಪನನ್ನು ಹಿಡಿದು, ಒಂದು ಸಲ ಬೀಗ ತೆಗೆಯಿರಿ ಎಂದು ಬೇಡಿಕೊಂಡಳು.

“ಸೀಲ್ ಹಾಕೇವಿ ತಂಗಿ. ಐತವಾರ ಸಭಾದಾಗ ಎಲ್ಲಾರ ಮುಂದ ಒಡೀಬೇಕು, ಒಂದೂ ಬಿಡದಂಗ ಓದಬೇಕು. ಯಾಕ, ಏನ್ ಬರದೀ?”

“ಏನಿಲ್ರೀ ಅಣ್ಣಾ,” ಎಂದು ಸೆರಗಿನಲ್ಲಿ ಬೆರಳು ಸುತ್ತಿಕೊಂಡು ಹೋದಳು.

ಐತವಾರ ಶಾಲೆಯ ಅಂಗಳ ತುಂಬಿತ್ತು. ಗಜ್ಯಾ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದುಂಡಪ್ಪ ನನ್ನನ್ನು ಬೋರಲು ಹಾಕಿ ಬಡಿದು, ಒಂದೊಂದೇ ಚೀಟಿ ಓದತೊಡಗಿದ. ಕರ ಬೇಡ ಎನ್ನುವವರೇ ಹೆಚ್ಚು. ನಮ್ಮ ಮನೆಯಲ್ಲಿ ಕಳ್ಳ ಕದಿಯಲು ಏನಿದೆ ಎಂದೊಬ್ಬರು. ಹೆಣ್ಣುಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸರೂ ಬೇಡ, ಕರವೂ ಬೇಡ ಎಂದು ಇನ್ನೊಬ್ಬರು. ಜನ ನಕ್ಕರು. ಗಜ್ಯಾ ಎಲ್ಲರಿಗಿಂತ ಜೋರಾಗಿ ನಕ್ಕ. ಹಿಂದಿನ ಸಾಲಿನಲ್ಲಿದ್ದ ಶಾಕವ್ವ ತಲೆ ಎತ್ತಲಿಲ್ಲ.

ಆಮೇಲೆ ದುಂಡಪ್ಪ ಅಂಟಿದ್ದ ಆ ಕಾಗದವನ್ನು ಕಿತ್ತು ಬಿಡಿಸಿದ. ಆತನ ಕಣ್ಣು ಸಾಲುಗಳ ಮೇಲೆ ಓಡಿತು. ಮೊದಲ ಸಾಲಿನತ್ತ ಒಂದು ಸಲ ನೋಡಿದ.

“ಇದಕ್ಕ ಸಹಿ ಇಲ್ಲ. ಸಹಿ ಇಲ್ಲದ್ದು ಲೆಕ್ಕಕ್ಕಿಲ್ಲ,” ಎಂದು ಮಗುಚಿ ಇಟ್ಟ.

ಅಷ್ಟು ಹೊತ್ತು ಸಹಿ ಇಲ್ಲದ ಎಷ್ಟೋ ಚೀಟಿಗಳನ್ನು ಆತ ಓದಿದ್ದ, ನಾನೇ ಸಾಕ್ಷಿ. ಆ ಸುಳ್ಳಿಗೆ ನಾನು ಮನಸಾರೆ ಕೈಮುಗಿದೆ. ಶಾಕವ್ವ ಪಾರಾದಳು ಅಂದುಕೊಂಡೆ.

“ಓದ್ರೀ ಸಾಹೇಬ್ರ, ಯಾರ್ದಂತ ಕೇಳೂಣು,” ಎಂದ ಗಜ್ಯಾ.

ಹಿಂದೆ ಯಾರೋ ಎದ್ದರು. ಶಾಕವ್ವ. ನಡೆದು ಬಂದು ಮೇಜಿನ ಮುಂದೆ ನಿಂತಳು. ಮೇಜಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಮೇಜಿನ ಮೇಲಿದ್ದ ನಾನು ಗಡಗಡ ಅಂದೆ.

“ಅದು ನಂದರೀ. ಪೆನ್ನು ಕೊಡ್ರಿ.”

“ಕುಂದ್ರವ್ವಾ. ಸುಮ್ನ ಕುಂದ್ರು,” ದುಂಡಪ್ಪ ತುಟಿಯಲ್ಲೇ ಅಂದ.

“ನಾ ಸುಮ್ನ ಕುಂತದ್ದಕ್ಕ ನನ್ನ ಮಗಳು ಮನ್ಯಾಗ ಕುಂತಾಳ.”

ಪೆನ್ನನ್ನು ತಾನೇ ತೆಗೆದುಕೊಂಡಳು. ಶಾ, ಕ, ವ್ವ. ಮೂರಕ್ಷರಕ್ಕೆ ಬಹಳ ಹೊತ್ತು ಹಿಡಿಯಿತು. “ಈಗ ಓದ್ರಿ,” ಎಂದಳು.

ದುಂಡಪ್ಪ ಓದಿದ. ಗಜ್ಯಾ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಆತ ನಿಧಾನವಾಗಿ ಎದ್ದು ಬಂದು, ಬಗ್ಗಿ ಆ ಸಹಿಯನ್ನು ನೋಡಿದ.

“ಅಕ್ಷರ ಭಾಳ ಚಂದ ಅದಾವ ಅಕ್ಕಾ,” ಎಂದು ನಕ್ಕು ಹೊರಟುಹೋದ.

ಆಮೇಲೆ ಕೈ ಎತ್ತಿರಿ ಎಂದರು. ಕರ ಬೇಕೆಂದು ಎದ್ದ ಕೈ ಏಳು, ಎಲ್ಲವೂ ಬಳೆ ತೊಟ್ಟವು. ಕರ ಬೇಕೆಂದು ಚೀಟಿ ಬರೆದಿದ್ದ ಗಂಡಸರು ಮುಗಿಲು ನೋಡುತ್ತಿದ್ದರು. ಹೆಚ್ಚಿನ ಪರಿಶೀಲನೆಗೆ ಮುಂದೂಡಲಾಗಿದೆ ಎಂದು ಠರಾವು ಬರೆದರು. ಪರಿಶೀಲನೆ ಇನ್ನೂ ನಡೆದಿದೆಯಂತೆ.

ಈಗ ನನಗೆ ಬೀಗವಿಲ್ಲ, ಮುಚ್ಚಳವೂ ಇಲ್ಲ. ಶಾಲೆಯ ಜಗುಲಿಯ ಮೂಲೆಯಲ್ಲಿ ಕಸ ಹೊತ್ತು ಕೂತಿದ್ದೇನೆ, ತಳ ತುಕ್ಕು ಹಿಡಿದಿದೆ. ಬಾಗಿಲ ತನಕ ನನಗೆ ಕಾಣುತ್ತದೆ. ಸಭೆಯ ಮರುದಿನದಿಂದ ಶಾಕವ್ವನ ಮಗಳು ಶಾಲೆಗೆ ಬರುತ್ತಿದ್ದಾಳೆ. ಕಾವಲಿಗೆ ತಾಯಿಯೇ ಬರುತ್ತಾಳೆ. ಮಗಳನ್ನು ಬಿಟ್ಟು, ಮಗ್ಗದ ಹೊತ್ತಾಯಿತೆಂದು ಅದೇ ತಿರುವಿನಲ್ಲಿ ಒಬ್ಬಳೇ ಹಿಂತಿರುಗುತ್ತಾಳೆ. ಊರು ಬೇಡವೆಂದ ಕರವನ್ನು ಆಕೆ ಒಬ್ಬಳೇ ದಿನಾ ಕಟ್ಟುತ್ತಿದ್ದಾಳೆ. ಸಂಜೆ ಮಗಳನ್ನು ಕರೆಯಲು ಮತ್ತೆ ಆಕೆಯ ಮುಖ ಬಾಗಿಲಲ್ಲಿ ಕಾಣುವ ತನಕ ನನಗೆ ಜೀವದಲ್ಲಿ ಜೀವ ಇರುವುದಿಲ್ಲ.

ಇವತ್ತು ಶಾಲೆ ಬಿಟ್ಟು ಬಹಳ ಹೊತ್ತಾಯಿತು. ಮಕ್ಕಳೆಲ್ಲ ಹೋದರು. ಹುಡುಗಿ ಪಾಟಿಚೀಲ ಎದೆಗವಚಿಕೊಂಡು ನನ್ನ ಪಕ್ಕದಲ್ಲಿ ಕೂತು ಬಾಗಿಲು ನೋಡುತ್ತಿದ್ದಾಳೆ. ನಾನೂ ನೋಡುತ್ತಿದ್ದೇನೆ.