ಬೀಜದಾಗೆ ಗಂಟು

ಚನ್ನಗಿರಿಯ ಓಂಕಾರಪ್ಪನವರ ಬೀಜ-ಗೊಬ್ಬರದ ಅಂಗಡಿಗೆ ಪರಶುರಾಮ್ ಕಾಲಿಟ್ಟನೆಂದರೆ ಅದು ಸುಮ್ಮನೆ ಬರುವುದಲ್ಲ, ಎಂಟ್ರಿ. ಕಣ್ಣಿಗೆ ಕೂಲಿಂಗ್ ಗ್ಲಾಸು, ಹೆಗಲಿಗೆ ಕಂಪನಿಯ ಕಪ್ಪು ಬ್ಯಾಗು, ಬಾಯಲ್ಲೊಂದು ಪಂಚ್ ಡೈಲಾಗು. ಮೆಕ್ಕೆಜೋಳದ ಬೀಜ ಮಾರುವ ಕಂಪನಿಯೊಂದರ ಪರವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತುವುದು ಅವನ ಕೆಲಸ. ವಯಸ್ಸು ಇಪ್ಪತ್ತಾರು. ರೈತರು ಬೀಜಕ್ಕಿಂತ ಹೆಚ್ಚಾಗಿ ಅವನ ಡೈಲಾಗಿಗೆ ಕಾಯುತ್ತಿದ್ದರು. ಅವು ಯಾವ ಸಿನಿಮಾದವು ಎಂದು ಕೇಳಿದರೆ, "ಇನ್ನೂ ರಿಲೀಸ್ ಆಗಿಲ್ಲ" ಎನ್ನುತ್ತಿದ್ದ.

ಆ ಸೋಮವಾರ ಮಾತ್ರ ಸದ್ದಿಲ್ಲದೆ ಬಂದು ಸ್ಟೂಲಿನ ತುದಿಯಲ್ಲಿ ಕೂತ.

"ಏನಪಾ ಪರ್ಸಿ, ಇವತ್ತು ಮೂಕಿ ಚಿತ್ರನಾ?" ಎಂದರು ಓಂಕಾರಪ್ಪ.

"ಗಂಟಲು ಕಟ್ಟೈತೆ ಯಜಮಾನ್ರೆ."

"ಗಂಟಲು ಹಾಳಾಗ್ಲಿ. ಬೀಜ ಹೆಂಗದಾವು ಹೇಳು. ಗಟ್ಟಿ ಅದಾವಾ?"

ಮುಂಗಾರಿಗೆ ಮುಂಚೆ ಯಾವ ಅಂಗಡಿಗೆ ಹೋದರೂ ಕೇಳುವ ಪ್ರಶ್ನೆಯೇ ಅದು. ಪರಶುರಾಮ್ ಕೂಲಿಂಗ್ ಗ್ಲಾಸು ಸರಿಪಡಿಸಿಕೊಂಡ. "ಗಟ್ಟಿ ಅದಾವೆ" ಎಂದ. ಅದೇ ಅವನ ಸಂಕಟವಾಗಿತ್ತು.

ಮೂರು ವಾರದ ಹಿಂದೆ ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈ ತೊಡೆಸಂದಿಯಲ್ಲಿ, ಎಡಗಡೆಯದರ ಮೇಲೆ ನಿಂತುಬಿಟ್ಟಿತ್ತು. ಕಡಲೆಕಾಳಿನಷ್ಟು ದಪ್ಪ, ಕಲ್ಲಿನಂಥ ಗಂಟು. ಒತ್ತಿದ. ನೋಯಲಿಲ್ಲ. ನೋವಿಲ್ಲದಿದ್ದರೆ ಏನೂ ಇಲ್ಲ ಎಂದುಕೊಂಡು ಪ್ಯಾಂಟು ತೊಟ್ಟು, ಮೊಬೈಲು ತೆಗೆದ. ತೆಗೆಯಬಾರದಿತ್ತು. ನೋವಿಲ್ಲದ ಗಂಟೇ ಅಪಾಯದ್ದು ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ವೃಷಣದ ಕ್ಯಾನ್ಸರು, ಹೆಚ್ಚಾಗಿ ಬರುವುದು ಇಪ್ಪತ್ತರಿಂದ ನಲವತ್ತರೊಳಗಿನವರಿಗೆ. ಕೆಳಗೊಂದು ಗ್ರಾಫು. ಎಷ್ಟೋ ದೇಶಗಳ ಗೆರೆಗಳು ವರ್ಷದಿಂದ ವರ್ಷಕ್ಕೆ ಗುಡ್ಡ ಹತ್ತಿದಂತೆ ಏರಿದ್ದವು. ನಮ್ಮ ದೇಶದ್ದು ಮಾತ್ರ ಶೇಂಗಾ ಬಳ್ಳಿಯ ಹಾಗೆ ನೆಲಕ್ಕಂಟಿಕೊಂಡಿತ್ತು: ಗಂಡಸರಲ್ಲಿ ವರ್ಷಕ್ಕೆ ಲಕ್ಷಕ್ಕೊಬ್ಬನೂ ಇಲ್ಲ.

ಬೇರೆ ಯಾರಾದರೂ ಇದನ್ನೋದಿ ಸಮಾಧಾನದ ನಿಟ್ಟುಸಿರು ಬಿಡುತ್ತಿದ್ದರೋ ಏನೋ. ಪರಶುರಾಮನ ತಲೆ ಬೇರೆ ಲೆಕ್ಕ ಹಾಕಿತು. ತಾನು ಸುತ್ತುವ ಈ ನಾಲ್ಕು ತಾಲ್ಲೂಕಿನ ಗಂಡಸರನ್ನೆಲ್ಲ ಕೂಡಿಸಿದರೆ ಮೂರು ಮೂರೂವರೆ ಲಕ್ಷ ಆಗಬಹುದು. ಅಂದಮೇಲೆ ಈ ವರ್ಷಕ್ಕೆ ಇಬ್ಬರೋ ಮೂವರೋ. ಅವರಲ್ಲೊಬ್ಬನ ಹೆಸರು ಅವನಿಗೆ ಗೊತ್ತಿತ್ತು.

ಅಂದಿನಿಂದ ಬಚ್ಚಲಿಗೆ ಹೋದಾಗಲೆಲ್ಲ ಒತ್ತಿ ನೋಡುತ್ತಿದ್ದ. ನೋಯಲಿ ದೇವರೇ, ಸ್ವಲ್ಪವಾದರೂ ನೋಯಲಿ ಎಂದು. ಮೊದಲ ವಾರ ಕಡಲೆಕಾಳು. ಈಗ ಅವರೆಕಾಳು. ಬೈಕಿನ ಮೇಲೆ ಕೂತರೆ ಅದರ ಮೇಲೇ ಕೂತಂತೆ. ತಾಯಿ ಲಕ್ಷ್ಮೀದೇವಿ ಫೋನಿನಲ್ಲಿ ಹೆಣ್ಣಿನ ಕಡೆಯವರ ಮಾತೆತ್ತಿದರೆ, "ಸಿಗ್ನಲ್ ಇಲ್ಲ ಅವ್ವ" ಎಂದು ಫೋನಿಡುತ್ತಿದ್ದ.

ಮಂಗಳವಾರ ಹೊನ್ನಾಳಿಯಲ್ಲಿ ಧೈರ್ಯ ಮಾಡಿದ. ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಕ್ಲಿನಿಕ್ಕು. ಒಳಗೆ ಮೂರು ಬೆಂಚು, ಬೆಂಚಿನ ತುಂಬ ಹೆಂಗಸರು, ಮಕ್ಕಳು. ಚೀಟಿ ಬರೆಯಲು ಕೂತಿದ್ದ ಶಾಂತಲಾ ಎಂಬ ಹುಡುಗಿ ತಲೆಯೆತ್ತದೆ ಕೇಳಿದಳು, "ಏನು ತೊಂದ್ರೆ?"

ವೃಷಣ ಎಂಬ ಪದವನ್ನು ಪುಸ್ತಕದಲ್ಲಿ ನೋಡಿದ್ದನೇ ಹೊರತು ಯಾರ ಬಾಯಲ್ಲೂ ಕೇಳಿದವನಲ್ಲ. ನಾಲಿಗೆ ಅದರ ಹತ್ತಿರ ಹೋಗಿ ವಾಪಸ್ ಬಂತು. ಊರಿನಲ್ಲಿ ಅದಕ್ಕಿರುವ ಹೆಸರೊಂದೇ. ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದ. "ಬೀಜದ್ದು... ಬೀಜದ್ದೊಂದು ತೊಂದ್ರೆ ಐತೆ."

ಶಾಂತಲಾ ಈಗ ತಲೆಯೆತ್ತಿದಳು. ಅವನ ಇಸ್ತ್ರಿ ಶರ್ಟು, ಬ್ಯಾಗು, ಬ್ಯಾಗಿನ ಮೇಲೆ ಅಚ್ಚಾದ ಜೋಳದ ತೆನೆಯನ್ನು ನೋಡಿದಳು.

"ಕಂಪನಿಯೋರಾ? ಕಂಪನಿಯೋರು ಎರಡು ಗಂಟೆ ಮೇಲೆ ಬರ್ರಿ. ಆದ್ರೂ ಡಾಕ್ಟರ ಹತ್ರ ಬೀಜ ಮಾರಾಕೆ ಬಂದೋರ್ನ ನಾನು ಇದೇ ಮೊದಲು ನೋಡಿದ್ದು. ನಮ್ ಸಾಹೇಬ್ರಿಗೆ ಹೊಲ ಇಲ್ಲರೀ."

ಬೆಂಚೆಲ್ಲ ನಕ್ಕಿತು. ಒಬ್ಬ ಮುದುಕಿಯಂತೂ ಕೆಮ್ಮು ಬರುವಷ್ಟು ನಕ್ಕಳು. ಪರಶುರಾಮನೂ ನಕ್ಕ, ಕೂಲಿಂಗ್ ಗ್ಲಾಸು ಏರಿಸಿದ. "ಹೊಲ ಇಲ್ದಿದ್ರೆ ಏನ್ ಮೇಡಂ, ಕುಂಡದಾಗೆ ಬೆಳೀರಿ. ಬೆಳೆಯೋ ಹಠ ಇರ್ಬೇಕು, ಜಾಗ ತಾನಾಗೇ ಬರ್ತೈತೆ" ಎಂದು ಡೈಲಾಗು ಹೊಡೆದು ಹೊರಬಿದ್ದ. ನ್ಯಾಮತಿಯ ಅಂಗಡಿಗಳಿಗೆ ಹೋಗಲೇ ಇಲ್ಲ. ಊರು ಮುಟ್ಟುವ ಮೊದಲೇ ಒಂದು ಬೇವಿನ ಮರದಡಿ ಬೈಕು ನಿಲ್ಲಿಸಿ, ಸಾಯುವವರು ಹೇಗೆ ಸಾಯುತ್ತಾರೆ ಎಂದು ಯೋಚಿಸುತ್ತ ಕೂತ. ಸಿನಿಮಾದಲ್ಲಾದರೆ ಒಂದು ಹಾಡಾದರೂ ಇರುತ್ತದೆ. ಇಲ್ಲಿ ಲಾರಿಗಳು ಹೋಗುತ್ತಿದ್ದವು, ಅಷ್ಟೇ.

ಗುರುವಾರ ಜಗಳೂರು ಕಡೆಯ ಪಾಳಿ. ಬಿಳಿಚೋಡಿನ ಹೊರಗೊಂದು ಹೊಲದಲ್ಲಿ ಕಂಪನಿಯ ಬೋರ್ಡು ನೆಡಬೇಕಿತ್ತು. ಹೊಲದ ತುಂಬ ಕುರಿ. ಗೊಬ್ಬರಕ್ಕೆಂದು ಬೀರಲಿಂಗಪ್ಪ ತನ್ನ ಮಂದೆಯನ್ನು ಅಲ್ಲಿ ತರುಬಿದ್ದ. ಎಪ್ಪತ್ತರ ಹತ್ತಿರದ ಕುರಿಗಾಹಿ, ಹೋದ ವರ್ಷ ಪರಶುರಾಮನ ಹತ್ತಿರವೇ ಜೋಳದ ಬೀಜ ಒಯ್ದವನು. ಈಗ ಸೊಕ್ಕೆಯಿಂದ ಬಂದ ಜಂಪಣ್ಣ ಎಂಬವನ ಜತೆ ಟಗರಿನ ವ್ಯಾಪಾರ ನಡೆಸಿದ್ದ. ಮಂದೆಗೆ ಬೀಜದ ಟಗರು ಬೇಕಾಗಿತ್ತು.

ಟಗರು ನೋಡಲು ಸಿನಿಮಾದ ದಪ್ಪ ವಿಲನ್ನಿನ ಹಾಗಿತ್ತು. ಸುರುಳಿ ಕೊಂಬು, ಎದೆಯೊಡ್ಡಿ ನಿಂತ ಗತ್ತು. ಬೀರಲಿಂಗಪ್ಪ ಹಲ್ಲು ನೋಡಿದ, ಗೊರಸು ನೋಡಿದ. ಆಮೇಲೆ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಬೀಜಗಳನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಸುತ್ತ ಸವರುತ್ತ ಕಣ್ಣು ಮುಚ್ಚಿದ. ಒಂದು ಕಡೆ ಹೆಬ್ಬೆರಳು ನಿಂತಿತು.

"ಬ್ಯಾಡ ಜಂಪಣ್ಣ, ಹೊಡ್ಕಂಡು ಹೋಗು. ಒಂದರಾಗೆ ಗಂಟೈತೆ."

"ಏನ್ ಹೇಳ್ತೀಯಜ್ಜ? ನಿನ್ನೆ ಗೋಡೆಗೆ ಡಿಕ್ಕಿ ಹೊಡೆದು ಕಲ್ಲು ಉದುರಿಸೈತೆ ಇದು. ಚೆನ್ನಾಗಿ ಮೇಯ್ತೈತೆ."

"ಮೇಯ್ತೈತೆ, ಗುದ್ದುತೈತೆ. ನೋವಿದ್ರೆ ತಾನೇ ಅದಕ್ಕೆ ಗೊತ್ತಾಗೋದು? ಇದು ಕೈ ಹಾಕಿದೋನಿಗೆ ಮಾತ್ರ ಗೊತ್ತಾಗೋ ವಿಷ್ಯ."

ಜಂಪಣ್ಣ ಗೊಣಗುತ್ತ ಟಗರನ್ನೆಳೆದುಕೊಂಡು ಹೋದ. ಬೋರ್ಡಿನ ಗಳು ಹಿಡಿದು ನಿಂತಿದ್ದ ಪರಶುರಾಮ್ ಟಗರು ಹೋದ ದಾರಿಯನ್ನೇ ನೋಡುತ್ತ ಕೇಳಿದ.

"ಅಜ್ಜ, ಅದನ್ನ ಈಗ ಏನ್ ಮಾಡ್ತಾನೆ?"

"ಇನ್ನೇನ್ ಮಾಡ್ತಾನೆ. ಕೊಯ್ಯೋರಿಗೆ ಕೊಡ್ತಾನೆ."

ಪರಶುರಾಮ್ ಬೋರ್ಡು ಬಿಟ್ಟು ನೆಲಕ್ಕೆ ಕುಸಿದ. ಕುರಿಹಿಕ್ಕೆಯ ಮೇಲೆ ಕೂತೆನೆಂಬ ಅರಿವೂ ಇರಲಿಲ್ಲ. "ಅಜ್ಜ," ಎಂದ, "ನಮ್ದೂ... ಬೀಜದಾಗೆ ಗಂಟೈತೆ."

ಬೀರಲಿಂಗಪ್ಪ ಕಂಬಳಿ ಕೊಡವುತ್ತ ನಕ್ಕ. "ಈಗ ಗೊತ್ತಾತಾ ನಿಂಗೆ? ಹೋದ ಮುಂಗಾರಿನಾಗೆ ನೀನು ಕೊಟ್ಟಿದ್ದರಾಗೆ ಅರ್ಧ ಮೊಳೀಲೇ ಇಲ್ಲ. ಅವತ್ತು ಕೇಳಿದ್ರೆ ಡೈಲಾಗ್ ಹೊಡೆದು ಹೋಗಿದ್ದಿ. ಹೇಳು ಹೋಗು ನಿಮ್ ಕಂಪನಿಗೆ."

"ಕಂಪನೀದಲ್ಲ ಅಜ್ಜ. ನಂದು."

ಕಂಬಳಿ ಕೊಡವುವುದು ನಿಂತಿತು. ಮುದುಕ ಅವನ ಮುಖ ನೋಡಿದ. ಈಗ ನಗುತ್ತಾನೆ, ನಕ್ಕು ಊರಿಗೆಲ್ಲ ಹೇಳುತ್ತಾನೆ ಎಂದು ಪರಶುರಾಮ್ ಕಾದ. ಮುದುಕ ನಗಲಿಲ್ಲ.

"ಎಷ್ಟು ದಿನ ಆತು?"

"ಮೂರು ವಾರ."

"ಯಾರಿಗೆ ತೋರ್ಸಿದ್ದಿ?"

"ಯಾರಿಗೂ ಇಲ್ಲ. ಹೊನ್ನಾಳ್ಯಾಗೆ ಹೋಗಿದ್ದೆ, ಬೀಜ ಮಾರೋನು ಅಂದ್ಕಂಡು ಓಡ್ಸಿದ್ರು." ಪರಶುರಾಮ್ ಮೊಬೈಲಿನ ಗ್ರಾಫು ತೆಗೆದು ತೋರಿಸಿದ. "ಲಕ್ಷಕ್ಕೊಬ್ಬನಿಗೂ ಬರಲ್ಲಂತೆ ಅಜ್ಜ. ದೇಶದಾಗೇ ಕಮ್ಮಿಯಂತೆ."

"ಕಮ್ಮಿ ಇರ್ದೆ ಏನು. ನಿನ್ನಂಗೆ ಬಾಯಿ ಮುಚ್ಕಂಡು ಎಷ್ಟು ಜನ ಹೋದ್ರೋ. ಅವ್ರನ್ನ ಯಾರು ಎಣಿಸ್ಯಾರೆ?" ಮುದುಕ ಕೋಲೆತ್ತಿ ದೂರದಲ್ಲಿದ್ದ ಮಗನನ್ನು ಕೂಗಿ, ಮಂದೆ ನೋಡಿಕೊಳ್ಳಲು ಹೇಳಿದ. ಬೈಕಿನ ಹಿಂದೆ ಕೂತ. "ದಾವಣಗೆರೆಗೆ ನಡಿ. ಟಗರಿಗಾದ್ರೆ ಬ್ಯಾರೆ ದಾರಿ ಇಲ್ಲ. ನಿಂಗೆ ಡಾಕ್ಟರು ಅದಾರೆ."

ದಾರಿಯುದ್ದಕ್ಕೂ ಪರಶುರಾಮ್ ಒಂದು ಡೈಲಾಗೂ ಆಡಲಿಲ್ಲ. ಮುದುಕ ಅವನ ಶರ್ಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದ. ಅದು ಬೀಳುತ್ತೇನೆಂಬ ಭಯಕ್ಕೋ, ಇವನು ಬೈಕು ತಿರುಗಿಸಿಯಾನು ಎಂಬ ಅನುಮಾನಕ್ಕೋ ತಿಳಿಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಪರದೆಯ ಹಿಂದೆ ಮುಟ್ಟಿ ನೋಡಿದರು. ಥೇಟ್ ಮುದುಕನ ಹಾಗೆಯೇ, ಹೆಬ್ಬೆರಳಿನಿಂದ ಸುತ್ತ ಸವರಿ, ಒಂದು ಕಡೆ ಬೆರಳು ನಿಲ್ಲಿಸಿ. ಅಲ್ಲಿಂದ ಸ್ಕ್ಯಾನಿಂಗಿಗೆ ಕಳಿಸಿದರು. ತಣ್ಣನೆಯ ಅಂಟು ಹಚ್ಚಿದಾಗ ಪರಶುರಾಮನ ಹಲ್ಲು ಕಟಕಟ ಅಂದವು. ಟಿವಿಯಂಥ ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಕಪ್ಪು ಮಚ್ಚೆ ಬಂತು. ಸ್ಕ್ಯಾನ್ ಮಾಡುವವನು ಆ ಮಚ್ಚೆಯನ್ನು ಎರಡೆರಡು ಸಲ ಅಳೆದ.

ಡಾಕ್ಟರು ಹೇಳಿದರು. "ಇದು ಕ್ಯಾನ್ಸರ್ ಅಂತಾನೇ ಅಂದ್ಕೊಂಡು ಮುಂದೆ ಹೋಗ್ಬೇಕು ಪರಶುರಾಮ್. ಖಾತ್ರಿ ಆಗೋದು ತೆಗೆದು ನೋಡಿದ್ಮೇಲೇ. ಎಡಗಡೇದನ್ನ ಪೂರ್ತಿ ತೆಗೀತೀವಿ. ಬೇರೆ ಕಡೆ ಹೋಗೈತೋ ಇಲ್ವೋ ಅಂತ ಇವತ್ತೇ ರಕ್ತ ಪರೀಕ್ಷೆ ಆಗ್ಬೇಕು, ಎದೆ ಹೊಟ್ಟೆದೂ ಸ್ಕ್ಯಾನ್ ಆಗ್ಬೇಕು. ಹುಷಾರಾಗೋ ಜಾತಿಯ ಕ್ಯಾನ್ಸರ್ ಇದು, ಬೇಗ ಸಿಕ್ರೆ."

"ನಂಗೆ ಬೇಗ ಸಿಕ್ಕೈತಾ ಸರ್?"

ಡಾಕ್ಟರು ಸುಳ್ಳು ಹೇಳುವವರಲ್ಲ. "ರಿಪೋರ್ಟ್ ಬರ್ಲಿ" ಎಂದರು. ಆಪರೇಷನ್ನಿಗೆ ಸೋಮವಾರ ಬರೆಯತೊಡಗಿದರು.

"ನಾಳೆ ಆಗಲ್ವಾ ಸರ್?"

ಮೂರು ವಾರ ಮುಚ್ಚಿಟ್ಟುಕೊಂಡು ತಿರುಗಿದವನ ಬಾಯಿಂದ ಆ ಮಾತು ಹೇಗೆ ಬಂತೋ. ಡಾಕ್ಟರು ಪೆನ್ನು ನಿಲ್ಲಿಸಿ ಕ್ಯಾಲೆಂಡರ್ ನೋಡಿದರು, ಯಾರಿಗೋ ಫೋನು ಮಾಡಿದರು. "ಶನಿವಾರ. ಶುಕ್ರವಾರ ರಾತ್ರಿಯಿಂದ ಏನೂ ತಿನ್ನಬಾರದು" ಎಂದರು.

ಹೊರಗೆ ಬಂದಾಗ ಬೀರಲಿಂಗಪ್ಪ ಕುರ್ಚಿಗಳಿದ್ದರೂ ಗೋಡೆಗೊರಗಿ ನೆಲದಲ್ಲಿ ಕೂತಿದ್ದ. ಪರಶುರಾಮ್ ಅವನ ಪಕ್ಕ ಕೂತು ಚೀಟಿ ತೋರಿಸಿದ. ಓದಲು ಬಾರದ ಮುದುಕ ಚೀಟಿಯನ್ನೇ ಬಹಳ ಹೊತ್ತು ನೋಡಿದ.

"ನಿಮ್ಮವ್ವಂಗೆ ಫೋನ್ ಮಾಡಿದ್ಯಾ?"

"ಏನಂತ ಹೇಳ್ಲಿ ಅಜ್ಜ?"

"ನಂಗೆ ಹೇಳಿದಂಗೇ ಹೇಳು. ಒಂದ್ಸಲ ಹೇಳಿದ್ದೀಯಲ್ಲ, ಬಾಯಿಗೆ ಬಂದಾತಲ್ಲ."

ಪರಶುರಾಮ್ ಫೋನು ತೆಗೆದ. ಬೇರೆ ಯಾರದೋ ನಂಬರು ಒತ್ತಿ, ಕಟ್ ಮಾಡಿದ.

"ಭಯ ಆಗ್ತೈತೆ ಅಜ್ಜ."

"ಆಗ್ಲಿ ಬಿಡು" ಎಂದ ಮುದುಕ, ಕೋಲೂರಿ ಏಳುತ್ತ. "ಭಯ ಇಟ್ಕಂಡೇ ಬಾ. ರಕ್ತ ತಗಳೋ ರೂಮು ಯಾವ ಕಡೆ, ಕೇಳು ಆ ನರ್ಸ್ ಹುಡುಗೀನ."