ಬೆರಳಕ್ಕನ ಕೈ

ಯಾರೂ ಕೆಮ್ಮಲೂಬಾರದು ಎಂದು ಚಿಕ್ಕ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಮಸಾಜಿನ ಮಂಚದ ಮೇಲೆ ಡ್ರೈವರಣ್ಣ ಬೋರಲಾಗಿ ಮಲಗಿದ್ದರು. ಮುಖ ಮಂಚದ ತಲೆಭಾಗದ ತೂತಿನೊಳಗೆ, ಎರಡೂ ಕಿವಿಗೆ ಹತ್ತಿ, ಬೆನ್ನ ಮೇಲೆ ನಾಲ್ಕು ಮಡಿಕೆಯ ಟವೆಲ್. ಮಂಚದ ಈ ಕಡೆ ಬೆರಳಕ್ಕ ಬರಿಗೈಯಲ್ಲಿ, ಆ ಕಡೆ ಡಾಕ್ಟರು ಮಸಾಜ್ ಮಷಿನ್ ಹಿಡಿದು ನಿಂತಿದ್ದರು. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಐದೈದು ನಿಮಿಷ ಬೆನ್ನು ಒತ್ತಬೇಕು. ಯಾವುದು ಕೈ, ಯಾವುದು ಮಷಿನ್ ಎಂದು ಡ್ರೈವರಣ್ಣ ಹೇಳಬೇಕು.

ಇದೆಲ್ಲ ಶುರುವಾದದ್ದು ಡ್ರೈವರಣ್ಣನ ಬಾಯಿಂದಲೇ. ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಮಗ ಕ್ಲಿನಿಕ್ಕಿಗೆ ಹೊಸ ಮಷಿನ್‌ಗಳನ್ನು ತರಿಸಿ, ಇನ್ನು ಕೈಮಸಾಜಿನ ರೂಮು ಬೇಡ ಎಂದಿದ್ದರು. ಅಲ್ಲಿ ಇಪ್ಪತ್ತೆರಡು ವರ್ಷ ಬೆನ್ನು ತಿಕ್ಕಿದ ಬೆರಳಕ್ಕ ಆ ಮಾತು ಕೇಳಿಯೂ ಟವೆಲ್ ಮಡಿಸುತ್ತಲೇ ಇದ್ದಳು. ರೇಗಿದ್ದು, ಅವಳನ್ನು ತಂಗ್ಯಮ್ಮ ಎಂದೇ ಕರೆಯುತ್ತಿದ್ದ ಡ್ರೈವರಣ್ಣ. "ಮೂವತ್ತು ವರ್ಷ ಬಸ್ಸು ಓಡಿಸಿದ ಬೆನ್ನು ಇದು, ಡಾಕ್ಟ್ರೇ. ಸಾವಿರ ಜನ ಕೈ ಇಟ್ರೂ ನಮ್ಮ ತಂಗ್ಯಮ್ಮನ ಕೈ ಯಾವುದು ಅಂತ ಹೇಳ್ತೀನಿ. ತಪ್ಪಿದ್ರೆ ಅವತ್ತೇ ಆ ರೂಮಿಗೆ ಬೀಗ ಹಾಕಿ" ಎಂದುಬಿಟ್ಟರು. ಡಾಕ್ಟರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೆರಳಕ್ಕನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಕೇಳಿದ್ದರೆ ತಾನೇ ಅವಳು ಏನು ಹೇಳಬೇಕಿತ್ತು? ಎರಡು ವರ್ಷದ ಹಿಂದೆಯೇ ಅವಳ ಹೆಬ್ಬೆರಳುಗಳ ಬುಡದ ಕೀಲು ಸವೆದುಹೋಗಿದ್ದವು. ಮನೆಯ ಬೀಗದ ಕೈ ತಿರುಗಿಸುವುದೂ ಕಷ್ಟವಾಗಿತ್ತು. ಬೆರಳು ಹೋಯಿತು ಅಂದರೆ ಬೆರಳಕ್ಕ ಎಂಬ ಹೆಸರಿಗೇನು ಬೆಲೆ? ಯಾರಿಗೂ ಹೇಳದೆ ದೂರದ ಅಂಗಡಿಯೊಂದರಿಂದ ರಬ್ಬರ್ ಗುಂಡಿನ ತಲೆಯ ಚಿಕ್ಕ ಮಷಿನ್ ತಂದು ಚೀಲದ ತಳದಲ್ಲಿಟ್ಟುಕೊಂಡಳು. ರೋಗಿ ಬೋರಲು ಮಲಗಿ ಮುಖ ತೂತಿಗಿಟ್ಟ ಮೇಲೆ ಅದು ಹೊರಗೆ ಬರುತ್ತಿತ್ತು. ಒಂದು ಕೈಯಲ್ಲಿ ಟವೆಲ್ ಮೇಲೆ ಮಷಿನ್ ಆಡಿಸುವುದು, ಇನ್ನೊಂದು ಅಂಗೈಯನ್ನು ಅವರ ಸೊಂಟದ ಮೇಲೆ ಅಗಲವಾಗಿ ಊರುವುದು. ಮಷಿನ್ನಿನ ಸದ್ದು ಕೇಳದಿರಲೆಂದು ರೇಡಿಯೋ ಜೋರು ಮಾಡುವುದು. ಇದೇನು ಕುಟ್ಟಿದ ಹಾಗಿದೆಯಲ್ಲ ಎಂದವರಿಗೆ, ಬೆರಳಿನ ಹೊಸ ಪಟ್ಟು ಎನ್ನುತ್ತಿದ್ದಳು.

ಹಾಗೆ ಮೊದಲು ಮಾಡಿದ್ದೇ ಡ್ರೈವರಣ್ಣನ ಬೆನ್ನಿಗೆ. ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವರೋ ಎದ್ದು ಕೂತು, "ಏನು ತಂಗ್ಯಮ್ಮ, ನಿನ್ನ ಕೈಗೆ ಮತ್ತೆ ಹದಿನೆಂಟು ವರ್ಷ ಬಂತಾ?" ಎಂದು ನಕ್ಕಿದ್ದರು. ಅವಳೂ ನಕ್ಕಳು. ಮನೆಗೆ ಹೋಗಿ ಬಚ್ಚಲಲ್ಲಿ ಅತ್ತಳು. ಆಮೇಲೆ ಅದೂ ಅಭ್ಯಾಸವಾಯಿತು.

ಇವತ್ತು ಚೀಲ ಬಿಚ್ಚುವ ಹಾಗಿರಲಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ, ಎರಡು ನೋವಿನ ಮಾತ್ರೆ ನುಂಗಿ ಬಂದಿದ್ದಳು. ಐದೇ ನಿಮಿಷ, ಹಲ್ಲು ಕಚ್ಚಿ ಮಾಡಿದರಾಯಿತು ಎಂದುಕೊಂಡು ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳು ಊರಿದಳು. ಮೊದಲ ನಿಮಿಷ ಎಲ್ಲ ಹಿಂದಿನಂತೆಯೇ ನಡೆಯಿತು. ಎಡ ರೆಕ್ಕೆಮೂಳೆಯ ಕೆಳಗಿನ ಹಳೇ ಗಂಟು ಬೆರಳಿಗೆ ಸಿಕ್ಕಾಗ, ಎಷ್ಟೋ ದಿನದ ಮೇಲೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಮಷಿನ್ ಹಿಡಿದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಮೊಣಕೈವರೆಗೆ ನೋವು ಚಳಕ್ಕೆಂದಿತು. ಹೆಬ್ಬೆರಳು ಗಡಗಡ ನಡುಗತೊಡಗಿದವು. ಗೆಣ್ಣಿನಿಂದ ಒತ್ತಿ ನೋಡಿದಳು, ಮುಂಗೈಯಿಂದ ಒತ್ತಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಡಾಕ್ಟರು ಗಡಿಯಾರ ನೋಡಿ ಸಾಕು ಎಂದು ಸನ್ನೆ ಮಾಡಿದಾಗ ಅವಳಿಗೆ ಬದುಕಿದೆಯಾ ಬಡಜೀವವೇ ಎನಿಸಿತು.

ಡಾಕ್ಟರು ರೇಡಿಯೋ ಜೋರು ಮಾಡಿದರು. ಟವೆಲ್ ಮೇಲೆ ಮಷಿನ್ ಇಟ್ಟರು. ರೋಗಿ ಅಲುಗಾಡಬಾರದೆಂದು ಇನ್ನೊಂದು ಅಂಗೈಯನ್ನು ಅವರ ಸೊಂಟದ ಮೇಲೆ ಅಗಲವಾಗಿ ಊರಿದರು. ತಾನು ಎರಡು ವರ್ಷ ಮಾಡಿದ್ದೂ ಹೀಗೆಯೇ ಎಂದು ಬೆರಳಕ್ಕನಿಗೆ ಹೊಳೆಯಿತು. ಮಂಚದ ಮೇಲೆ ಡ್ರೈವರಣ್ಣ ಹಾಯಾಗಿ ಉಸಿರುಬಿಟ್ಟದ್ದು ಅವಳಿಗೆ ಕೇಳಿಸಿತು.

ಐದು ನಿಮಿಷ ಮುಗಿದು ಡಾಕ್ಟರು ಅವರ ಹೆಗಲು ತಟ್ಟಿದರು. ಡ್ರೈವರಣ್ಣ ತಲೆ ಎತ್ತುವ ಮೊದಲೇ ಮಾತು ಶುರುಮಾಡಿದ್ದರು.

"ಇದಕ್ಕೆ ಪರೀಕ್ಷೆ ಬೇರೆ ಬೇಕಿತ್ತಾ? ಮೊದಲನೇದು ಮಷಿನ್ನು. ಸುಮ್ನೆ ನಡುಗುತ್ತೆ, ಜೀವ ಇಲ್ಲ. ಎರಡನೇದು ನಮ್ಮ ತಂಗ್ಯಮ್ಮನ ಕೈ."

ಕಿವಿಯ ಹತ್ತಿ ಕಿತ್ತು, ಗೆದ್ದ ಮುಖದಲ್ಲಿ ತಿರುಗಿ ಕೂತರು. ಡಾಕ್ಟರ ಕೈಯಲ್ಲಿ ಮಷಿನ್ ಇನ್ನೂ ತಿರುಗುತ್ತಿತ್ತು. ಅವರು ಅದನ್ನು ಆರಿಸಿ ಕಿಟಕಿಯ ಕಡೆ ನೋಡಿದರು. ದೊಡ್ಡ ಡಾಕ್ಟರ ಈ ಹುಡುಗ ಕೆಟ್ಟವನಲ್ಲ ಎಂಬುದು ಬೆರಳಕ್ಕನಿಗೆ ಆ ಹೊತ್ತಿನಲ್ಲೂ ಗೊತ್ತಾಯಿತು.

ಡ್ರೈವರಣ್ಣನ ಮುಖ ಕಪ್ಪಿಟ್ಟಿತು. ಒಮ್ಮೆ ಮಷಿನ್ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಬೇಕೂಂತಲೇ ಕೈ ಸಡಿಲ ಬಿಟ್ಟೆ ಅಲ್ವಾ? ನೀವಿಬ್ರೂ ಮೊದಲೇ ಮಾತಾಡ್ಕೊಂಡಿದ್ರಿ."

"ಇಲ್ಲ ಅಣ್ಣ."

"ಹಂಗಾದ್ರೆ ಈ ಎರಡು ವರ್ಷ ಮಾಡಿದ ಕೈ ಎಲ್ಲಿ ಹೋಯ್ತು? ಹದಿನೈದು ದಿನದ ಹಿಂದೆ ಮಾಡಿದ ಕೈ? ಹೇಳು."

ಹೇಳಿದರೆ ಎರಡು ವರ್ಷ ಅವರು ಹೊಗಳಿದ್ದು ಯಾವುದನ್ನು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಮೋಸಗಾತಿ, ಹೇಳಿದರೂ ಮೋಸಗಾತಿ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು. ಡ್ರೈವರಣ್ಣ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಬೇರೆ ದಿನಗಳಲ್ಲಿ, ಬರ್ತೀನಿ ತಂಗ್ಯಮ್ಮ, ಕೈ ಜೋಪಾನ ಎಂದು ಹೇಳಿ ಹೋಗುತ್ತಿದ್ದವರು ಇವತ್ತು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಸೋಮವಾರದಿಂದ ಮುಂಬಾಗಿಲ ಕೌಂಟರಿನಲ್ಲಿ ಚೀಟಿ ಕೊಡುವ ಕೆಲಸ ನೋಡಿಕೊಳ್ಳಿ ಅಕ್ಕ, ಕೂತು ಮಾಡುವ ಕೆಲಸ, ಎಂದರು ಡಾಕ್ಟರು. ಅವಳು ಆಗಲಿ ಎಂದು ತಲೆ ಆಡಿಸಿದಳು. ಅವರು ಹೋದ ಮೇಲೆ ಟವೆಲ್ ಮಡಿಸಿದಳು, ಮಂಚ ಒರೆಸಿದಳು, ತನ್ನ ಬಟ್ಟಲು, ಬಾಚಣಿಗೆ, ಎಣ್ಣೆಯ ಸೀಸೆ ಎಲ್ಲ ಚೀಲಕ್ಕೆ ಹಾಕಲು ಹೋದಳು. ತಳದಲ್ಲಿ ಮಷಿನ್ ಕೈಗೆ ತಗುಲಿತು.

ಬಾಗಿಲು ಹಾಕಿ ಬಂದು ಮಂಚದ ಅಂಚಿನಲ್ಲಿ ಕೂತಳು. ರೂಮಿನಲ್ಲಿ ಯಾರೂ ಇರಲಿಲ್ಲ. ಆದರೂ ಎದ್ದುಹೋಗಿ ರೇಡಿಯೋವನ್ನು ಇನ್ನಷ್ಟು ಜೋರು ಮಾಡಿ ಬಂದು, ಮಷಿನ್ನಿನ ರಬ್ಬರ್ ಗುಂಡನ್ನು ತನ್ನ ಹೆಬ್ಬೆರಳಿನ ಬುಡಕ್ಕೆ ಇಟ್ಟುಕೊಂಡಳು.