ಗೌಸೋದ್ದೀನನ ಪಾಲಿನ ಚಹಾ

“ಕೈ ಎದಿ ಮ್ಯಾಲ ಇಡ್ರಿ ಕಾಕಾ. ನಿಮಗ ನೀವೇ ಒಂದ್ ಛಲೋ ಮಾತು ಹೇಳ್ಕೋರಿ,” ಎಂದಳು ಐಶ್ವರ್ಯಾ. ನೌಬಾದದಲ್ಲಿ ವಾರಕ್ಕೊಮ್ಮೆ ಮುದುಕರನ್ನು ಕೂಡಿಸಿ ಅವರ ಮನಸ್ಸಿನ ಭಾರ ಇಳಿಸುವುದು ಅವಳ ಕೆಲಸ.

ಮಡೆಪ್ಪ ಕೈ ಇಟ್ಟ. “ನನಗೇನ್ ಹೇಳ್ಕೊಳ್ಳಲಿ? ಕುರಿ ಕೊಂದವ ನಾ.”

ಕೊಂದಿರಲಿಲ್ಲ, ಪಾಪ. ಬೇವಿನ ನೆರಳಲ್ಲಿ ಚೂರು ಕಣ್ಣು ಹತ್ತಿತ್ತು, ಅಷ್ಟೆ. ಕುರಿಗಳು ಪಕ್ಕದ ಹೊಲಕ್ಕೆ ನುಗ್ಗಿ, ಕೊಯ್ದ ಜೋಳದ ಬುಡದಲ್ಲಿ ಒಡೆದ ಎಳೆ ಚಿಗುರು ತಿಂದವು. ಅದು ವಿಷವೆಂದು ಕುರಿ ಕಾಯುವ ಯಾರಿಗೆ ಗೊತ್ತಿಲ್ಲ? ನೋಡನೋಡುತ್ತ ಅರ್ಧ ಹಿಂಡು ಒದ್ದಾಡಿ ಬಿತ್ತು. ಅಂದಿನಿಂದ ಮಡೆಪ್ಪ ದೊಡ್ಡಿಯತ್ತ ಸುಳಿದಿಲ್ಲ, ಕೋಲು ಮುಟ್ಟಿಲ್ಲ, ಚಹಾಕ್ಕೆ ಹಾಲು ಹಾಕಿಸಿಕೊಂಡಿಲ್ಲ. ಹಠಮಾರಿ ಮುದುಕ, ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡು ಕೂತಿದ್ದ. ಮಗ ದಿಲೀಪನಿಗೂ ಸಾಕಾಗಿತ್ತು. ಅಪ್ಪ ಹೀಗೇ ಕೂತರೆ ಉಳಿದ ಕುರಿಗಳನ್ನು ಭಾಲ್ಕಿ ಸಂತೆಯಲ್ಲಿ ಮಾರಿಬಿಡುವುದೇ ಸರಿ ಎಂದು ಹೇಳಿಬಿಟ್ಟಿದ್ದ.

ಐಶ್ವರ್ಯಾ ಒತ್ತಾಯ ಮಾಡಲಿಲ್ಲ. “ಹೋಗ್ಲಿ ಬಿಡ್ರಿ. ನಿಮ್ಮ ಖಾಸ್ ದೋಸ್ತ ಯಾರು?”

“ಗೌಸೋದ್ದೀನ. ಆಡು ಕಾಯ್ತಾನ.”

“ಅವಗ ಹಿಂಗಾಗಿ, ನಿಮ್ಮ ಮನಿಗಿ ಬಂದು ಅಳ್ತಾ ಕೂತ್ರ? ನೀನೇ ಕೊಂದಿ ಅಂತಿದ್ರೇನು?”

ಮಡೆಪ್ಪನಿಗೆ ಸಿಟ್ಟೇ ಬಂತು. “ಅವಗ್ಯಾಕ ಹಂಗಂತೇನಿ? ವಯಸ್ಸಾಗ್ಯಾದ, ಕಣ್ಣು ಹತ್ತ್ಯಾದ. ಕೂಡ್ಸಿ ಚಹಾ ಕುಡಸ್ತೇನಿ.”

ಅಂದವನು ತನ್ನ ಕೈಯತ್ತ ನೋಡಿಕೊಂಡ. ಅದು ಇನ್ನೂ ಎದೆಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ದಿಲೀಪ ಅಂಗಳದಲ್ಲಿ ನಿಂತು ಸಂತೆಗೆ ಟೆಂಪೊ ಕೇಳಲು ಫೋನು ಹಚ್ಚುತ್ತಿದ್ದ. ಮಡೆಪ್ಪ ಒಳಗೆ ಒಲೆಯ ಮುಂದೆ ಬಂದು ಕೂತ.

“ಹಾಲು ಹಾಕಿ ಒಂದ್ ಕಪ್ ಚಹಾ ಮಾಡು. ಗೌಸೋದ್ದೀನಗ.”

ಹೆಂಡತಿ ಭೀಮಬಾಯಿ ಬಾಗಿಲತ್ತ ನೋಡಿದಳು. “ಎಲ್ಲಿದ್ದಾನರಿ ಅವ?”

“ಬಂದಿಲ್ಲ. ಅವನ ಪಾಲಿಂದು ನಾ ಕುಡಿತೇನಿ.”

ಮುದುಕನ ತಲೆ ಕೆಟ್ಟಿತೇನೋ ಎಂದುಕೊಂಡಳು. ಆದರೂ ಹಾಲು ತುಸು ಜಾಸ್ತಿಯೇ ಸುರಿದಳು.

ಮಡೆಪ್ಪ ಕಪ್ಪೂ ಬಸಿಯೂ ಹಿಡಿದು ದೊಡ್ಡಿಗೆ ಹೋಗಿ ಕಲ್ಲಿನ ಮೇಲೆ ಕೂತ. ತಾಯಿ ಸತ್ತ ಮರಿಯೊಂದು ಬಂದು ಅವನ ಧೋತರದ ಅಂಚು ಚೀಪತೊಡಗಿತು. ಬಿಡಿಸಲಿಲ್ಲ. ಬಸಿಯಲ್ಲಿ ಚಹಾ ಸುರುವಿ, ಊದಿ, ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ.

ಫೋನಿನಲ್ಲಿ ಟೆಂಪೊದವನು ಹಲೋ, ಹಲೋ ಎನ್ನುತ್ತಲೇ ಇದ್ದ. ದೊಡ್ಡಿಯಲ್ಲಿ ಕೂತ ಅಪ್ಪನನ್ನು ಕಂಡ ದಿಲೀಪ ಅದನ್ನು ಹಾಗೇ ಕಿಸೆಗೆ ಇಳಿಸಿ, ಅಂಗಳದ ಮೂಲೆಯಲ್ಲಿದ್ದ ಅಪ್ಪನ ಕೋಲಿನ ಧೂಳು ಒರೆಸತೊಡಗಿದ.